ಖಾಲಿ ಗಾಡಿಯ ತೂಕ

ಗುತ್ತಲು ರಸ್ತೆಯ ತಿರುವಿನಲ್ಲಿ
ತಗಡಿನ ಗೂಡು, ಒಂದು ಕಿಟಕಿ, ಒಂದು ಕುರ್ಚಿ;
ಕಿಟಕಿಯಾಚೆ ನೆಲಕ್ಕೆ ನೆಲವಾಗಿ ಮಲಗಿದ ಕಬ್ಬಿಣದ ಹಾಸು.
ಹನ್ನೊಂದು ಸುಗ್ಗಿ ಅಲ್ಲಿ ಕೂತು
ಕಬ್ಬು ತೂಗಿದೆ.

ಲೆಕ್ಕ ಸುಲಭ:
ತುಂಬಿದ ಗಾಡಿ ಒಮ್ಮೆ, ಇಳಿಸಿದ ಮೇಲೆ ಖಾಲಿ ಗಾಡಿ ಒಮ್ಮೆ,
ದೊಡ್ಡದರಲ್ಲಿ ಚಿಕ್ಕದು ಕಳೆದರೆ
ಉಳಿದದ್ದು ಕಬ್ಬು.
ಮೂರನೇ ಕ್ಲಾಸಿನ ಹುಡುಗ ಮಾಡಬಹುದು.

ಕೆಲಸಕ್ಕೆ ಸೇರಿದ ದಿನ ಮೇಸ್ತ್ರಿ ಬೋರಲಿಂಗಣ್ಣ
ಎಲೆಅಡಿಕೆ ಒಂದು ದವಡೆಗೆ ಸರಿಸಿ ಹೇಳಿದ್ದು ಇಷ್ಟೇ:
"ತುಂಬಿದ್ ಗಾಡಿ ಬಂದಾಗ
ಇಳಿಯಪ್ಪಾ ಕೆಳಕ್ಕೆ ಅನ್ನು.
ಖಾಲಿ ಬಂದಾಗ
ಏನೂ ಅನ್ಬೇಡ."

ಏನೂ ಅನ್ನಲಿಲ್ಲ ನಾನು.
ದಣಿದ ಗಾಡಿಯವ ಮೂಕಿಯಲ್ಲೇ ಕೂತಿರುತ್ತಿದ್ದ,
ಬೀಡಿ ಹಚ್ಚುತ್ತ, ಎತ್ತಿನ ಬೆನ್ನು ಸವರುತ್ತ.
ಅವನ ಅರವತ್ತು ಕಿಲೋ ಮೈ
ಅವನದೇ ಕಬ್ಬಿನಿಂದ ಕಳೆದುಹೋಗುತ್ತಿತ್ತು.

ನಾನು ಸುಳ್ಳು ಹೇಳಿದವನಲ್ಲ.
ಒಂದು ಅಂಕಿ ತಿದ್ದಿದವನಲ್ಲ.
ಕೆಂಪಗೆ ಎಷ್ಟು ತೋರಿತೋ
ಅಷ್ಟೇ ಚೀಟಿಯಲ್ಲಿ ಬರೆದೆ.
ತನ್ನ ಬಗ್ಗೆ ತಾನೇ ಒಳ್ಳೆಯ ಮಾತಾಡಿಕೊಳ್ಳಲು
ಮನುಷ್ಯನಿಗೆ ಎಷ್ಟು ಕಡಿಮೆ ಸಾಮಾನು ಸಾಕು!
ಸಂಜೆ ನಾಲೆಯಲ್ಲಿ ಕೈಕಾಲು ತೊಳೆದೆ,
ಶನಿವಾರ ಶನಿವಾರ ಒಪ್ಪತ್ತು ಇದ್ದೆ,
ಕಲ್ಲಿರುವ ಅಕ್ಕಿ ಕೊಟ್ಟ ಅಂಗಡಿಯವನ ಮೇಲೆ
ಬೀದಿಗೆಲ್ಲ ಕೇಳುವ ಹಾಗೆ ನ್ಯಾಯ ಮಾತಾಡಿದೆ.

ಐದನೇ ಸುಗ್ಗಿಯೋ ಆರನೆಯದೋ,
ಹುಲಿವಾನದ ಕಡೆಯ ನಿಂಗಾಜಮ್ಮ
ತಾನೇ ಗಾಡಿ ಹೊಡೆದುಕೊಂಡು ಬಂದಳು.
ತುಂಬಿದಾಗ ಇಳಿದಳು. ಸರಿ.
ಖಾಲಿಯಾಗಿ ಬಂದಾಗಲೂ
ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿಯತೊಡಗಿದಳು.
"ಕೂತಿರವ್ವ, ಪರವಾಗಿಲ್ಲ" ಅಂದೆ.
ಯಾರೂ ಹೇಳಿಕೊಟ್ಟಿರಲಿಲ್ಲ ಅದನ್ನು.
ಅಷ್ಟು ವರ್ಷದ ಮೌನಕ್ಕೆ
ಕೊನೆಗೂ ಬಾಯಿ ಬಂದದ್ದು ಹಾಗೆ.

ಅವಳು ನನ್ನತ್ತ ನೋಡಲೂ ಇಲ್ಲ:
"ನನ್ ತೂಕ ನನ್ ತಾವೇ ಇರ್ಲಿ ಬುಡಪ್ಪ."

ಬೈಗುಳವಲ್ಲ. ಗುಮಾನಿಯೂ ಅಲ್ಲ.
ಎತ್ತಿಗೆ ನೀರು ಕುಡಿಸಬೇಕು ಅಂದಹಾಗೆ ಅಂದಳು.
ಚೀಟಿ ಇಸಕೊಂಡು, ನಾಲ್ಕು ಮಡಿಕೆ ಮಡಚಿ,
ಎಲೆಅಡಿಕೆ ಚೀಲಕ್ಕೆ ಹಾಕಿ ಹೋದಳು.

ಆ ರಾತ್ರಿ ಗಾಡಿಗಳೆಲ್ಲ ಹೋದ ಮೇಲೆ,
ಆಲೆಮನೆಯಿಂದ ಕಬ್ಬಿನ ಹಾಲು ಕುದಿಯುವ ವಾಸನೆ ಬರುತ್ತಿರುವಾಗ,
ನಾನೇ ಹೋಗಿ ಹಾಸಿನ ಮೇಲೆ ನಿಂತೆ.
ಕತ್ತು ಹೊರಳಿಸಿ ನೋಡಿದರೆ ಕಿಟಕಿಯೊಳಗೆ ಕೆಂಪಗೆ
ಅರವತ್ತು.
ನಾನಿದ್ದದ್ದು ಅರವತ್ತೆಂಟು;
ಆಸ್ಪತ್ರೆಯಲ್ಲಿ ನೋಡಿಸಿಕೊಂಡು ವಾರವಾಗಿರಲಿಲ್ಲ.
ಆ ಯಂತ್ರ ಇಪ್ಪತ್ತಿಪ್ಪತ್ತರ ಹೆಜ್ಜೆಯಲ್ಲೇ ಎಣಿಸುವುದು,
ನಡುವಿನದು ಅದಕ್ಕೆ ಕಾಣದು.

ಎಂಟು ಕಿಲೋ.
ಯಾರ ಲೆಕ್ಕಕ್ಕೂ ಬೀಳದ ಎಂಟು ಕಿಲೋ ಹೊತ್ತು
ಬಹಳ ಹೊತ್ತು ನಿಂತಿದ್ದೆ.
ನನ್ನ ಮೇಲೆ ನನಗೆ ನಂಬಿಕೆ ಅಂತ ಏನಾದರೂ ಇದ್ದರೆ
ಅದು ಅಲ್ಲೇ ಎಲ್ಲೋ ಇರಬೇಕು.
ಕೇಡೂ ಅಲ್ಲೇ.

ಮಾರನೇ ದಿನದಿಂದ
ಖಾಲಿ ಗಾಡಿಗೂ "ಇಳಿಯಪ್ಪಾ" ಅಂದೆ.
ಧೀರನಾದೆ ಅಂದುಕೊಳ್ಳಬೇಡಿ.
ನಾಲ್ಕು ದಿನ ಅಂದೆ.
ಐದನೇ ದಿನ ಬೋರಲಿಂಗಣ್ಣ ಗೂಡಿನ ಹಿಂದೆ ಕೆಮ್ಮಿದ,
ಬರೀ ಕೆಮ್ಮಿದ,
ಕಟ್ಟಿದ್ದು ನನ್ನ ಗಂಟಲು.
ಮಗಳ ಫೀಸು, ಹೆಂಡತಿಯ ಸಕ್ಕರೆ ಕಾಯಿಲೆ,
ಕಾರಣಗಳಿಗೇನು, ಪಿಂಡ ಇಡುವ ಮೊದಲೇ
ಸೂರಿನ ಮೇಲೆ ಕೂತಿರುವ ಕಾಗೆಗಳು.
ಆಮೇಲೆ ಕೆಲವು ದಿನ ಅಂದೆ, ಕೆಲವು ದಿನ ಇಲ್ಲ.
ಮುದುಕರಿಗೆ ಅಂದೆ, ಟ್ರ್ಯಾಕ್ಟರಿನವರಿಗೆ ಅನ್ನಲಿಲ್ಲ.
ಒಂದು ಸುಗ್ಗಿಯಲ್ಲಿ ಮಾತ್ರ ಮೊದಲಿನಿಂದ ಕೊನೆತನಕ
ಎಲ್ಲರಿಗೂ ಅಂದೆ.
ಅದೇ ಹನ್ನೊಂದನೆಯದು.
ಹನ್ನೆರಡಕ್ಕೆ ನನ್ನನ್ನು ಕರೆಯಲಿಲ್ಲ.

ಈಗಲೂ ಮಂಡ್ಯ ಸ್ಟ್ಯಾಂಡಿನಲ್ಲಿ ಬಸ್ಸು ನಿಂತು
ಕಂಡಕ್ಟರು "ಇಳೀರಿ, ಇಳೀರಿ" ಅಂದರೆ
ಹಿಂದಿನವರು ತಳ್ಳಿದರೂ ಒಂದು ಗಳಿಗೆ
ಮೆಟ್ಟಿಲ ಮೇಲೆ ನಿಂತುಬಿಡುತ್ತೇನೆ.
ಅಂದನಲ್ಲ ಪುಣ್ಯಾತ್ಮ, ಎಷ್ಟು ಸಲೀಸಾಗಿ.
ಆಮೇಲೆ ಇಳಿಯುತ್ತೇನೆ,
ಕೈಚೀಲ, ಕೊಡೆ,
ಆ ಎಂಟು ಕಿಲೋ.